ಗ್ರಾಫಿಕ್ಸ್ ಕಾರ್ಡಿನಲ್ಲಿ ಸುಟ್ಟ ಭಾಗ

ಕಂಪ್ಯೂಟರನ್ನು ಚಾಲೂ ಮಾಡಿದೊಡನೆ ಒಳಗಿನಿಂದ ಚಟ್ಟೆಂದು ಒಂದು ಶಬ್ದ, ಒಂದೆಳೆ ಹೊಗೆ, ಮೂಗಿಗೆ ಸುಟ್ಟ ವಾಸನೆ, ಅನಂತರ ಪರದೆಯ ಮೇಲೆ ಬರಿಯ ಕತ್ತಲೆ: ಈ ಅನುಭವವು ವಾಚಕರಲ್ಲಿ ಕೆಲವರಿಗಾದರೂ ಆಗಿರಬಹುದು. ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ, ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡೆಂಬ ಹಲಗೆಯ ಮೇಲೆ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಒಂದು ಭಾಗವು ಕರಿದಾಗಿ ಸೀಳಿಹೋಗಿರುತ್ತದೆ. ಹೊಸ ಕಾರ್ಡಿಗೆ ಹತ್ತಾರು ಸಾವಿರ ರೂಪಾಯಿ; ಸುಟ್ಟ ಭಾಗಕ್ಕೋ ಕೆಲವೇ ರೂಪಾಯಿ. ಈ ಅಂತರವನ್ನು ಕಂಡ ಗೃಹಸ್ಥನಿಗೆ, ಕರಿದಾದುದನ್ನು ಕಿತ್ತು ಹೊಸದೊಂದನ್ನು ಕೂರಿಸಿಬಿಡೋಣವೆನ್ನಿಸುವುದು ಸಹಜವೇ. ಅದಕ್ಕೆ ಮುಂಚೆ ಕೆಲವು ಮಾತುಗಳನ್ನು ನಾವು ಹೇಳಬೇಕಾಗಿದೆ.

ಮೊದಲು ಈ ಹಲಗೆಯ ಅನ್ನಪಾನದ ವ್ಯವಸ್ಥೆಯನ್ನು ತಿಳಿಯತಕ್ಕದ್ದು. ಕಾರ್ಡನ್ನು ಸಿಕ್ಕಿಸುವ ಸ್ಲಾಟಿನಿಂದ ೭೫ ವಾಟಿನವರೆಗೂ, ಎಂಟು ಕಡ್ಡಿಗಳ ಪ್ರತ್ಯೇಕ ತಂತಿಯಿಂದ ೧೫೦ ವಾಟಿನವರೆಗೂ ವಿದ್ಯುತ್ತು ಬರಬಹುದು. ಹೀಗೆ ಬರುವುದು ಬಹುಮಟ್ಟಿಗೆ ೧೨ ವೋಲ್ಟಿನಲ್ಲಿ. ಮುಖ್ಯ ಚಿಪ್ಪಿಗೆ ಬೇಕಾದುದಾದರೋ ಸುಮಾರು ೧ ವೋಲ್ಟು. ೨೦೦ ವಾಟನ್ನು ೧ ವೋಲ್ಟಿನಲ್ಲಿ ಒದಗಿಸಬೇಕಾದರೆ ೨೦೦ ಆಂಪಿಯರು ಹರಿಯಬೇಕು. ನಮ್ಮ ಮನೆಗಳ ಮುಖ್ಯ ಸ್ವಿಚ್ಚಿನಲ್ಲಿಯೂ ಅಷ್ಟು ಹರಿಯುವುದಿಲ್ಲ. ಆದುದರಿಂದ ಈ ಹೊರೆಯನ್ನು ಒಂದೇ ಬಗೆಯ ಹಲವು ಸಾಲುಗಳಿಗೆ ಹಂಚಿರುತ್ತಾರೆ. ಪ್ರತಿಯೊಂದು ಸಾಲಿನಲ್ಲಿಯೂ ಮಾಸ್‌ಫೆಟ್ ಎಂಬ ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳು, ಒಂದು ಸುರುಳಿ, ಕೆಲವು ಕೆಪ್ಯಾಸಿಟರುಗಳು ಇರುವುವು. ಈ ಸ್ವಿಚ್ಚುಗಳು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತಿರುತ್ತವೆ. ಮೇಲಿನ ಸ್ವಿಚ್ಚು ಸುಟ್ಟು ಬೆಸೆದುಕೊಂಡಿತೆಂದರೆ ಒಂದು ವೋಲ್ಟಿನ ಚಿಪ್ಪಿಗೆ ಹನ್ನೆರಡು ವೋಲ್ಟು ನುಗ್ಗುವುದು; ಆಗ ಹೊರಗೆ ಸುಟ್ಟಿದ್ದು ಅಕ್ಕಿಕಾಳಿನಷ್ಟಾದರೂ ಒಳಗೆ ಹೋದದ್ದು ಪ್ರಾಣವೇ.

ತರ್ಕಶಾಸ್ತ್ರವನ್ನೋದುವ ಬಾಲಕನು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅನುಮಾನಿಸಲು ಕಲಿಯುತ್ತಾನೆ. ಇಲ್ಲಿ ಬೆಂಕಿ ಬಿದ್ದ ಸ್ಥಳವು ಕಣ್ಣಿಗೇ ಕಾಣುತ್ತದೆ. ಅನುಮಾನಿಸಬೇಕಾದುದು ಅದರ ಕಾರಣವನ್ನು. ಫ್ಯೂಸು ಸುಟ್ಟಿದ್ದರೆ ಅದು ಅಪರಾಧಿಯಲ್ಲ, ಕಾವಲುಗಾರ. ಭಾರವಾದ ಕಾರ್ಡು ಸ್ಲಾಟಿನಲ್ಲಿ ಜೋತು ಹಲಗೆಯು ಬಾಗಿದರೆ ಪಿಂಗಾಣಿಯ ಕೆಪ್ಯಾಸಿಟರು ಬಿರುಕುಬಿಟ್ಟು ಒಳಪದರಗಳು ಕೂಡಿಕೊಳ್ಳುವುದುಂಟು. ಶಾಖವೂ ಶತ್ರುವೇ. ೨೦೧೬ರಲ್ಲಿ ಈವಿಜಿಎ ಎಂಬ ಅಮೆರಿಕದ ಕಂಪೆನಿಯ ಜಿಟಿಎಕ್ಸ್ ೧೦೮೦ ಜಾತಿಯ ಕೆಲವು ಕಾರ್ಡುಗಳಲ್ಲಿ ಈ ವಿದ್ಯುತ್ ಭಾಗವು ಅತಿಯಾಗಿ ಕಾಯುವುದೆಂಬ ದೂರುಗಳೆದ್ದು, ಶಾಖವನ್ನು ಹೊರಕ್ಕೆ ಸಾಗಿಸುವ ಮೆತ್ತನೆಯ ಪಟ್ಟಿಗಳನ್ನು ಕೇಳಿದವರಿಗೆ ಕಂಪೆನಿಯೇ ಉಚಿತವಾಗಿ ಕಳುಹಿಸಬೇಕಾಯಿತು.

ಇನ್ನು ಪರೀಕ್ಷೆ. ಕಾರ್ಡನ್ನು ಯಂತ್ರದಿಂದ ಹೊರತೆಗೆದು ಮಲ್ಟಿಮೀಟರಿನಿಂದ ೧೨ ವೋಲ್ಟಿನ ದಾರಿಗೂ ನೆಲದ ದಾರಿಗೂ ನಡುವಿನ ರೋಧವನ್ನು ಅಳೆಯಬೇಕು. ಸಾವಿರಾರು ಓಮು ತೋರಿದರೆ ಕ್ಷೇಮ. ಸೊನ್ನೆಯ ಹತ್ತಿರ ಬಂದರೆ ಅಲ್ಲಿ ಯಾವುದೋ ಒಂದು ಭಾಗವು ಬೆಸೆದುಕೊಂಡಿದೆ. ಚಿಪ್ಪಿನ ದಾರಿಯ ಮಾತು ಬೇರೆ. ದೊಡ್ಡ ಚಿಪ್ಪಿನಲ್ಲಿ ಆರೋಗ್ಯವಿದ್ದಾಗಲೂ ರೋಧವು ಒಂದು ಓಮಿಗಿಂತ ಕಡಿಮೆಯಿರಬಹುದು. ಇದನ್ನರಿಯದೆ ನಿರಪರಾಧಿಗಳನ್ನು ಒಂದೊಂದಾಗಿ ಕೀಳುವವರುಂಟು. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯೇ ಇಲ್ಲಿಯೂ ಬಂದರೆ ಮಾತ್ರ ಚಿಪ್ಪಿನ ಆಸೆಯನ್ನು ಬಹುಮಟ್ಟಿಗೆ ಬಿಡಬಹುದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದೇ ಕಸುಬನ್ನು ಮಾಡುತ್ತಾನೆ. ಬೆಸುಗೆಯ ಕಡ್ಡಿಯನ್ನು ಮುಟ್ಟುವ ಮೊದಲು ಈ ಅಳತೆಯನ್ನು ಗಿರಾಕಿಯ ಎದುರಿಗೇ ತೆಗೆದು, ಚಿಪ್ಪು ಹೋಗಿದ್ದರೆ ಕಾಸು ಮುಟ್ಟದೆ ಹಿಂದಿರುಗಿಸುತ್ತಾನೆ. ನಾವು ಅವನಿಗೆ ಕಲಿಸಿದ್ದು ಶಬ್ದರೂಪಗಳನ್ನಷ್ಟೇ.

ಕರಿಯ ಗುರುತೇ ಇಲ್ಲದೆ ಬೆಸೆದುಕೊಂಡ ಭಾಗವನ್ನು ಹುಡುಕಲು ಒಂದು ಸೊಗಸಾದ ಉಪಾಯವಿದೆ. ಆ ದಾರಿಗೆ ಒಂದು ವೋಲ್ಟನ್ನು ಮೀರದ ವಿದ್ಯುತ್ತನ್ನು ಮಿತವಾಗಿ ಹಾಯಿಸಿ, ಹಲಗೆಯ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳ್ಳಗೆ ಸವರಬೇಕು. ಅಪರಾಧಿಯು ಕಾಯುವುದರಿಂದ ಅದರ ಮೇಲಣ ತೇವವು ಎಲ್ಲಕ್ಕಿಂತ ಮೊದಲು ಆರುವುದು. ಇದು ಹೊತ್ತಿಕೊಳ್ಳುವ ದ್ರವವಾದ್ದರಿಂದ ದೀಪ, ಊದುಬತ್ತಿ ಹತ್ತಿರವಿರಕೂಡದು.

ಸುಟ್ಟುದರ ಹೆಸರನ್ನು ತಿಳಿಯುವುದು ಹೇಗೆ? ರೆಸಿಸ್ಟರಿನ ಬೆನ್ನ ಮೇಲೆ ೧೦೩ ಎಂದಿದ್ದರೆ ೧೦ರ ಮುಂದೆ ಮೂರು ಸೊನ್ನೆ, ಅಂದರೆ ೧೦,೦೦೦ ಓಮು. ಕಂದುಬಣ್ಣದ ಪಿಂಗಾಣಿ ಕೆಪ್ಯಾಸಿಟರಿನ ಮೇಲಾದರೋ ಹುಟ್ಟಿನಿಂದಲೇ ಅಕ್ಷರವಿಲ್ಲ. ಆಗ ಅದರ ಸಹೋದರನನ್ನು ಕೇಳಬೇಕು. ಸಾಲುಗಳೆಲ್ಲ ಒಂದೇ ಬಗೆಯವಾದುದರಿಂದ, ಪಕ್ಕದ ಸಾಲಿನಲ್ಲಿ ಅದೇ ಸ್ಥಾನದಲ್ಲಿರುವುದು ಸಾಮಾನ್ಯವಾಗಿ ಅದೇ ಭಾಗ. ಹಲಗೆಯ ಮೇಲಿದ್ದಂತೆಯೇ ಅಳೆದರೆ ಜತೆಗಾರರೆಲ್ಲರ ಮೊತ್ತವು ಬರುವುದರಿಂದ, ಅದನ್ನು ಬಿಡಿಸಿ ಅಳೆದು ಮತ್ತೆ ಕೂರಿಸತಕ್ಕದ್ದು.

ವ್ಯಾಕರಣದಲ್ಲಿ ಸ್ಥಾನಿಯ ಗುಣವು ಅದರ ಸ್ಥಳಕ್ಕೆ ಬಂದ ಆದೇಶಕ್ಕೂ ಸಲ್ಲುವುದೆಂದು ಹೇಳಿಕೊಡುತ್ತಿದ್ದೆವು. ಕೆಪ್ಯಾಸಿಟರಿಗೆ ಆ ಸೌಲಭ್ಯವಿಲ್ಲ. ಬಂದದ್ದು ತನ್ನ ಗುಣವನ್ನು ಮಾತ್ರ ತರುವುದು. ಗಾತ್ರವೂ ಧಾರಣಶಕ್ತಿಯೂ ಸರಿಹೊಂದಬೇಕು. ೧೨ ವೋಲ್ಟಿನ ದಾರಿಯಲ್ಲಿ ೧೬ ವೋಲ್ಟಿಗೆ ಕಡಿಮೆಯದು ಸಲ್ಲದು, ಸಿಕ್ಕರೆ ೨೫ ವೋಲ್ಟಿನದೇ ಲೇಸು. ಎಕ್ಸ್-೫-ಆರ್ ಜಾತಿಯದು ೮೫ ಡಿಗ್ರಿ ಸೆಲ್ಸಿಯಸಿನವರೆಗೆ, ಎಕ್ಸ್-೭-ಆರ್ ೧೨೫ರವರೆಗೆ ತಾಳುವುದು. ಮಾಸ್‌ಫೆಟ್ಟಾದರೆ ಅದೇ ನಂಬರಿನದನ್ನೇ ಹುಡುಕಬೇಕು.

ಸೀಸವಿಲ್ಲದ ಬೆಸುಗೆಯು ಸುಮಾರು ೨೧೭ ಡಿಗ್ರಿಯಲ್ಲಿ ಕರಗುವುದು. ಹಲಗೆಯೊಳಗಿನ ತಾಮ್ರದ ಪದರಗಳು ಶಾಖವನ್ನೆಲ್ಲ ಕುಡಿದುಬಿಡುವುದರಿಂದ, ಕೆಳಗಿನಿಂದ ಹಲಗೆಯನ್ನು ಬಿಸಿಮಾಡಿಕೊಂಡು ಮೇಲಿನಿಂದ ಬಿಸಿಗಾಳಿಯನ್ನು ಹಾಯಿಸದೆ ಕೇವಲ ಸಣ್ಣ ಕಡ್ಡಿಯಿಂದ ಒತ್ತಾಡಿದರೆ ತಾಮ್ರದ ಪಟ್ಟಿಯೇ ಕಿತ್ತುಬರುವುದು. ಸುಟ್ಟ ಹಲಗೆಯ ಇದ್ದಿಲು ವಿದ್ಯುತ್ತನ್ನು ಹರಿಸುತ್ತದೆ. ಅದನ್ನು ಶುಭ್ರವಾಗುವವರೆಗೆ ಕೆರೆದು ತೆಗೆಯದಿದ್ದರೆ ಹೊಸ ಭಾಗವೂ ಅದೇ ಹಾದಿಯನ್ನು ಹಿಡಿಯುವುದು. ಸುಟ್ಟಗಾಯವು ಒಳಪದರಗಳಿಗೆ ಇಳಿದಿದ್ದರೆ ಮನೆಯವರು ಅಲ್ಲಿಗೇ ನಿಲ್ಲಿಸುವುದು ಮೇಲು.

ಬೆಸುಗೆ ಆರಿದ ಬಳಿಕ ಮೊದಲಿನ ಅಳತೆಗಳನ್ನೆಲ್ಲ ಮತ್ತೊಮ್ಮೆ ತೆಗೆದು, ಶಾಖದ ಪಟ್ಟಿಗಳನ್ನೂ ಫ್ಯಾನನ್ನೂ ಕೂರಿಸಿ, ಅನಂತರವೇ ಚಾಲೂ ಮಾಡತಕ್ಕದ್ದು. ಮೊದಲ ಅರ್ಧ ಗಂಟೆ ಬರಿಯ ಪರದೆಯನ್ನು ನೋಡುತ್ತ ಕುಳಿತಿರಬೇಕು. ಆಟವಾಡುವ ಹುಡುಗರು ಅಷ್ಟು ಹೊತ್ತು ತಡೆಯುವರೆಂಬ ನಂಬಿಕೆ ನಮಗಿಲ್ಲವಾದುದರಿಂದ, ಆ ಅರ್ಧ ಗಂಟೆ ಹಿರಿಯರೇ ಕುರ್ಚಿಯನ್ನು ಬಿಟ್ಟೇಳದಿರಲಿ.