ಲಾಭ, ಎರಡು, ಮೂರು

ಹಳೆಯ ಕಾಲದ ಕಣಗಳಲ್ಲಿ ರಾಶಿ ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ. ‘ಲಾಭ’ ಎಂದು ಶುರು ಮಾಡಿ, ಆಮೇಲೆ ಎರಡು, ಮೂರು ಎಂದು ಕೂಗಿ ಹೇಳುತ್ತಿದ್ದರು. ರಾಶಿಗೆ ಬೆನ್ನು ಹಾಕಿ ಕೂತವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ.

ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಮಾಡುವುದೂ ಇಂಥದೇ ಕೆಲಸ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಇವುಗಳಲ್ಲಿ ಎನ್‌ವಿಡಿಎ ಎಂಬುದು ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಬಾಲ್ಯದ ಗೆಳೆಯ ಜೇಮ್ಸ್ ಟೆ ಬೇಗನೆ ಜತೆಯಾದರು. ಇಬ್ಬರೂ ಕಣ್ಣು ಕಾಣದವರು. ಅದರೊಳಗಿನ ಇಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ, ಕೊಂಚ ಯಂತ್ರದ ಗಂಟಲಿನಲ್ಲಿ.

ತೆಕ್ಕಲಕೋಟೆಯ ಮೇಷ್ಟ್ರೊಬ್ಬರು ಇತಿಹಾಸದ ನೋಟ್ಸ್ ಟೈಪ್ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪಾಠ ಊರಿನದೇ: ಅಲ್ಲಿನ ಬೆಟ್ಟಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ. ಸಿಕ್ಕಿದ್ದು ಗುಂಡನೆಯ ಗುಡಿಸಲುಗಳ ನೆಲೆ, ನಯಗೊಳಿಸಿದ ಕಲ್ಲಿನ ಕೊಡಲಿ, ಮಡಕೆಯಲ್ಲಿಟ್ಟು ಹೂತ ಶವಗಳು, ಚಿನ್ನದ ಒಡವೆ. ವರ್ಡ್‌ನಲ್ಲಿ ಪಟ್ಟಿಯ ಬಟನ್ ಒತ್ತಿ ಇವನ್ನು ಬರೆದರೆ ಪ್ರತಿ ಸಾಲಿಗೂ ಒಂದು ಚುಕ್ಕೆ ಬೀಳುತ್ತದೆ. ಕಾಣುವುದು ಚುಕ್ಕೆ ಮಾತ್ರ. ಕಡತದೊಳಗೆ ಮಾತ್ರ ‘ಇಲ್ಲಿಂದ ಪಟ್ಟಿ, ಇದು ಅದರ ಒಂದು ಅಂಶ, ಇಲ್ಲಿಗೆ ಮುಗಿಯಿತು’ ಎಂಬ ಗುರುತೂ ಸೇರಿಕೊಳ್ಳುತ್ತದೆ. ಅದೇ ಕಡತ ಜಾಲಪುಟವಾಗಿ ಬಂದಾಗ ಎನ್‌ವಿಡಿಎ ಮೊದಲೇ ತಿಳಿಸುತ್ತದೆ, ನಾಲ್ಕು ಅಂಶಗಳ ಪಟ್ಟಿ ಎಂದು. ಕೇಳುವ ಹುಡುಗನಿಗೆ ಎಷ್ಟು ನೆನಪಿಡಬೇಕೆಂದು ಗೊತ್ತಾಯಿತು. ಬೇಡವಾದರೆ ಪಟ್ಟಿಯನ್ನೇ ಹಾರಿಸಿ ಮುಂದೆ ಹೋಗಬಹುದು. ಎಲ್ ಕೀಲಿ ಒತ್ತಿದರೆ ಮುಂದಿನ ಪಟ್ಟಿ, ಐ ಒತ್ತಿದರೆ ಮುಂದಿನ ಅಂಶ.

ಮೇಷ್ಟ್ರು ಬಟನ್ ಬಿಟ್ಟು ಕೈಯಾರೆ ಅಡ್ಡಗೆರೆ, ನಕ್ಷತ್ರ ಹಾಕಿ ಸ್ಪೇಸ್ ಕೊಟ್ಟು ಸಾಲು ಹೊಂದಿಸಿದರೆ, ವರ್ಡ್ ಅದನ್ನು ತಾನಾಗಿ ಪಟ್ಟಿಯಾಗಿಸದಿದ್ದರೆ? ಅಚ್ಚಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಕಿವಿಗೆ ಅದು ಬರೀ ಸಾಲುಗಳ ಗುಂಪು. ಎಲ್ಲಿ ಶುರು, ಎಷ್ಟಿವೆ, ಎಲ್ಲಿ ಮುಗಿಯಿತು ಯಾವುದೂ ತಿಳಿಯದು. ಸರಿಯಾಗಿ ಮಾಡಿದ ಪಟ್ಟಿಯೂ ಕೊನೆಗಳಿಗೆಯಲ್ಲಿ ಕೆಡಬಹುದು. ವರ್ಡ್‌ನಿಂದ ‘ಸೇವ್ ಆ್ಯಸ್’ ಮಾಡಿ ಪಿಡಿಎಫ್ ಮಾಡಿದರೆ ಗುರುತುಗಳು ಉಳಿಯುತ್ತವೆ, ‘ಪ್ರಿಂಟ್ ಟು ಪಿಡಿಎಫ್’ ಎಂದರೆ ಉದುರಿ ಹೋಗುತ್ತವೆ. ಸಹಿ, ಮೊಹರು ಬೀಳಲೆಂದು ಕಾಗದಕ್ಕೆ ಇಳಿಸಿ ಮತ್ತೆ ಸ್ಕ್ಯಾನ್ ಮಾಡಿದ ಸುತ್ತೋಲೆಯಲ್ಲಂತೂ ಅಕ್ಷರವೇ ಇಲ್ಲ, ಅದೊಂದು ಫೋಟೊ.

ಕನ್ನಡಕ್ಕೆ ಇನ್ನೊಂದು ತೊಡಕಿದೆ, ಇದು ಇಂಗ್ಲಿಷ್ ಓದುಗರಿಗಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರ ಬರೀ ವೇಷ. ಒಳಗಿರುವುದು ರೋಮನ್ ಲಿಪಿಯ ಚಿಹ್ನೆಗಳು. ‘ಕನ್ನಡ’ ಎಂಬ ಪದದ ಒಳಗೆ ಮೊದಲು ಪಿ, ಆಮೇಲೆ ತಲೆಮೇಲೆ ಗೆರೆಯಿರುವ ಎ, ಅದರ ಹಿಂದೆಯೇ ಪೌಂಡ್ ನಾಣ್ಯದ ಗುರುತು. ಸ್ಕ್ರೀನ್ ರೀಡರ್‌ಗೆ ಫಾಂಟಿನ ಚಂದ ಕಾಣಿಸದು, ಒಳಗಿದ್ದದ್ದನ್ನೇ ಅದು ಓದುತ್ತದೆ. ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿರಲಿ, ನಾಲ್ಕು ಅಂಶಗಳೆಂದು ಸಾರಿ ನಾಲ್ಕು ಸಲ ಗೊಣಗುತ್ತದೆ, ಅಷ್ಟೆ. ಯೂನಿಕೋಡ್‌ನಲ್ಲಿ ಬರೆದರೆ ಮಾತ್ರ ‘ಕ’ ಎಂಬುದು ಕಡತದ ಒಳಗೂ ‘ಕ’.

ವಾಟ್ಸ್ಯಾಪ್‌ನ ಕಥೆ ಬೇರೆ. ಭತ್ತದ ದರವಿರಲಿ, ಗೊಬ್ಬರದ ಪ್ರಮಾಣವಿರಲಿ, ಪ್ರತಿ ಸಾಲಿಗೂ ಬೊಟ್ಟು ಮಾಡಿ ತೋರಿಸುವ ಹಳದಿ ಕೈ ಇಲ್ಲದಿದ್ದರೆ ಸಂದೇಶಕ್ಕೆ ಕಳೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆ ಚಿತ್ರಕ್ಕೂ ಯೂನಿಕೋಡ್‌ನಲ್ಲಿ ಒಂದು ಹೆಸರಿದೆ. ಧ್ವನಿ ಇಂಗ್ಲಿಷಿನದಾಗಿದ್ದರೆ ‘ಬ್ಯಾಕ್‌ಹ್ಯಾಂಡ್ ಇಂಡೆಕ್ಸ್ ಪಾಯಿಂಟಿಂಗ್ ರೈಟ್’ ಎಂದು ಕೇಳುತ್ತದೆ. ಹತ್ತು ಸಾಲಿನ ಸಂದೇಶದಲ್ಲಿ ಹತ್ತು ಸಲ. ದರ ಕೇಳಲು ಕೂತ ರೈತ ಅಷ್ಟು ತಾಳ್ಮೆ ತೋರಿಸಬೇಕೆ?

ಪಟ್ಟಿಯ ಗುರುತು ಕಳೆಯುವುದರಲ್ಲಿ ದೊಡ್ಡ ಕಂಪನಿಗಳೇನೂ ಹೊರತಲ್ಲ. ಜಾಲಪುಟದ ವಿನ್ಯಾಸಕರು ಅಂದಕ್ಕೆಂದು ಚುಕ್ಕೆಗಳನ್ನು ಅಡಗಿಸಿದರೆ, ಆ್ಯಪಲ್‌ನ ಸಫಾರಿ ಬ್ರೌಸರ್ ಅದು ಪಟ್ಟಿಯೇ ಅಲ್ಲವೆಂದು ತೀರ್ಮಾನಿಸಿ, ಅದೇ ಕಂಪನಿಯ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಬಳಸುವವರಿಗೆ ಆ ಸುದ್ದಿಯನ್ನೇ ಮುಟ್ಟಿಸದೆ ಹೋಗುವುದುಂಟು.

ಪರೀಕ್ಷೆ ಮಾಡಲು ಹೆಚ್ಚು ಖರ್ಚಿಲ್ಲ. ಮೇಷ್ಟ್ರು ಎನ್‌ವಿಡಿಎ ಹಾಕಿಕೊಂಡು, ತಮ್ಮ ನೋಟ್ಸ್ ಇರುವ ಪುಟ ತೆರೆದು, ಪರದೆಯನ್ನು ಆರಿಸಿ ಎಲ್ ಒತ್ತಲಿ. ಅಡ್ಡಗೆರೆ ಹಾಕಿ ಬರೆದದ್ದಾದರೆ, ಮುಂದೆ ಯಾವ ಪಟ್ಟಿಯೂ ಇಲ್ಲ ಎಂಬ ಉತ್ತರ ಬರುತ್ತದೆ.