ಮುಂಬೈ ಮಳೆ, ಮುಂಬೈ ನೆಲ: ಎಲ್ಲಿಂದ ಅಳೆದದ್ದು?

ಜುಲೈ ಹಿಡಿಯುವ ಹೊತ್ತಿಗೆ ಟಿ.ವಿ. ಪರದೆಯ ಬುಡದಲ್ಲಿ ಒಂದು ಸಾಲು ಓಡತೊಡಗುತ್ತದೆ: ಮುಂಬೈ ಕಡಲಲ್ಲಿ ಇಂದು ನಾಲ್ಕೂವರೆ ಮೀಟರ್ ಎತ್ತರದ ಅಲೆಗಳು. ಉಡುಪಿ, ಕುಂದಾಪುರ, ಮಂಗಳೂರಿನ ಕಡೆ ಮುಂಬೈಯಲ್ಲಿ ನೆಂಟರಿಲ್ಲದ ಮನೆ ಕಡಿಮೆ. ಸಾಲು ಓದಿದವರು ಕೂಡಲೇ ಫೋನ್ ಎತ್ತಿಕೊಳ್ಳುತ್ತಾರೆ.

ಅಂಕಿ ಸರಿಯಾಗಿಯೇ ಇದೆ, ಪದ ತಪ್ಪು. ನಾಲ್ಕೂವರೆ ಮೀಟರ್ ಎನ್ನುವುದು ಅಲೆಯ ಎತ್ತರವಲ್ಲ, ಭರತದ ಮಟ್ಟ. ಅದನ್ನು ಅಳೆಯುವುದು ನಾವಿಕರ ನಕ್ಷೆಯ ಸೊನ್ನೆಯಿಂದ. ಕಡಲು ತೀರಾ ಇಳಿದಾಗ ನೀರು ಎಲ್ಲಿ ನಿಲ್ಲುತ್ತದೋ ಸುಮಾರಾಗಿ ಅಲ್ಲಿ ಆ ಸೊನ್ನೆ ಇದೆ. ಮುಂಬೈಯಲ್ಲಿ ಸಮುದ್ರದ ಸರಾಸರಿ ಮಟ್ಟವೇ ಅದಕ್ಕಿಂತ ಹೆಚ್ಚುಕಡಿಮೆ ಎರಡೂವರೆ ಮೀಟರ್ ಮೇಲಿದೆ. ಹಾಗಾಗಿ ನಾಲ್ಕೂವರೆ ಎಂದರೆ ಸರಾಸರಿಗಿಂತ ಎರಡು ಮೀಟರ್ ಏರಿಕೆ. ಅದೂ ಗೋಡೆಯಂತೆ ಎದ್ದು ಬರುವುದಿಲ್ಲ. ಆರು ಗಂಟೆಯಲ್ಲಿ ಮೆಲ್ಲಗೆ ಏರಿ ಇನ್ನಾರು ಗಂಟೆಯಲ್ಲಿ ಇಳಿಯುತ್ತದೆ. ಅಲೆಗಳ ಲೆಕ್ಕ ಬೇರೆ, ಅವು ಈ ಮಟ್ಟದ ಮೇಲೆ ಕುಣಿಯುವಂಥವು. ಇಷ್ಟೇ ದೊಡ್ಡ ಭರತ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲೂ ಬರುತ್ತದೆ. ಆಗ ಯಾರೂ ಸುದ್ದಿ ಮಾಡುವುದಿಲ್ಲ, ಮಾಡುವ ಕಾರಣವೂ ಇಲ್ಲ.

ಮುಂಬೈಯ ಹವೆ ಮತ್ತು ನೆಲದ ಬಗ್ಗೆ ಓಡಾಡುವ ತಪ್ಪು ಮಾತುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಅಂಕಿಯನ್ನು ಯಾರೋ ನಿಜವಾಗಿಯೇ ಅಳೆದಿರುತ್ತಾರೆ. ಎಲ್ಲಿಂದ ಅಳೆದರು, ಯಾವ ನೆಲದ ಮೇಲೆ ನಿಂತು ಅಳೆದರು ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಕಳಚಿಹೋಗುತ್ತದೆ.

“ಭರತ ಬಂದು ಕಡಲು ಊರೊಳಗೆ ನುಗ್ಗಿತು”

ಹಿಂದ್‌ಮಾತಾದಲ್ಲಿ, ಕಿಂಗ್ಸ್ ಸರ್ಕಲ್‌ನಲ್ಲಿ, ಅಂಧೇರಿ ಸಬ್‌ವೇಯಲ್ಲಿ ನಿಲ್ಲುವ ನೀರು ಕಡಲಿನದಲ್ಲ, ಮಳೆಯದು. ಅದಕ್ಕೆ ಹೊರಹೋಗುವ ದಾರಿ ಆ ಹೊತ್ತಿಗೆ ಮುಚ್ಚಿರುತ್ತದೆ, ಅಷ್ಟೆ. ನಗರದ ಮಳೆನೀರು ಚರಂಡಿಗಳು ಕಡಲನ್ನೋ ಖಾಡಿಯನ್ನೋ ಸೇರುವ ಬಾಯಿಗಳು 186. ಇವುಗಳಲ್ಲಿ 45 ಬಾಯಿಗಳು ಸಮುದ್ರದ ಸರಾಸರಿ ಮಟ್ಟಕ್ಕಿಂತಲೂ ಕೆಳಗಿವೆ. ಇನ್ನು 135 ಬಾಯಿಗಳು ಸರಾಸರಿಗಿಂತ ಮೇಲಿದ್ದರೂ ಭರತದ ಮಟ್ಟಕ್ಕಿಂತ ಕೆಳಗೆ. ಭರತವನ್ನು ಲೆಕ್ಕಿಸದೆ ಸದಾ ತೆರೆದಿರುವವು ಬರೀ ಆರು! ಕಡಲು ಏರಿದಾಗ ಬಾಗಿಲು ಹಾಕದಿದ್ದರೆ ಉಪ್ಪುನೀರು ಚರಂಡಿಯೊಳಗೆ ಹಿಮ್ಮುಖ ಹರಿಯುತ್ತದೆ, ಹಾಕಿದರೆ ಮಳೆನೀರು ಒಳಗೇ ಉಳಿಯುತ್ತದೆ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಬ್ರಿಟಾನಿಯಾ ಮುಂತಾದ ಕಡೆ ದೊಡ್ಡ ಪಂಪಿಂಗ್ ಸ್ಟೇಷನ್‌ಗಳನ್ನು ಕಟ್ಟಿದ್ದು ಈ ಇಕ್ಕಟ್ಟಿಗಾಗಿ.

ಆದ್ದರಿಂದ ಭರತ ಒಂದೇ ಬಂದರೆ ಭಯವಿಲ್ಲ. ದೊಡ್ಡ ಭರತ, ಜಡಿಮಳೆ ಎರಡೂ ಒಂದೇ ಹೊತ್ತಿಗೆ ಕೂಡಿದರೆ ಮಾತ್ರ ತಾಪತ್ರಯ. ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಿದ್ದು, ಬಿದ್ದದ್ದರಲ್ಲಿ ಅರ್ಧವನ್ನು ಮಣ್ಣು ಹೀರಿಕೊಳ್ಳುತ್ತದೆ ಎಂಬ ಎಣಿಕೆ ಬೇರೆ. ಹೀರುವ ಮಣ್ಣೆಲ್ಲ ಸಿಮೆಂಟಿನಡಿ ಸೇರಿದ ಮೇಲೂ ಆ ಎಣಿಕೆ ಕಡತದಲ್ಲಿ ಹಾಗೇ ಇತ್ತು. 1993ರ ವರದಿಯೊಂದು ಗಂಟೆಗೆ 50 ಮಿ.ಮೀ. ತಾಳುವಂತೆ ಹಿಗ್ಗಿಸಿ ಎಂದಿತು. ಕೆಲಸಕ್ಕೆ ಬಿರುಸು ಬಂದದ್ದು 2005ರ ನಂತರ.

“ಮುಂಬೈಗೆ ಮಳೆ ವಿಪರೀತ, ಅದಕ್ಕೇ ಮುಳುಗುತ್ತದೆ” ಎನ್ನುವವರಿಗೆ ನಮ್ಮ ಕರಾವಳಿಯೇ ಉತ್ತರ. ಮುಂಬೈಯ ಸಾಂತಾಕ್ರೂಜ್‌ನಲ್ಲಿ ವರ್ಷಕ್ಕೆ ಬೀಳುವುದು ಎರಡೂವರೆ ಸಾವಿರ ಮಿ.ಮೀ.ನಷ್ಟು, ಕೊಲಾಬಾದಲ್ಲಿ ಇನ್ನೂ ಕಡಿಮೆ. ಮಂಗಳೂರಿನ ಮಳೆ ಅದಕ್ಕಿಂತ ಸಾವಿರ ಮಿ.ಮೀ.ನಷ್ಟು ಜಾಸ್ತಿ. ಆದರೆ ಮಂಗಳೂರಿನ ಬಹುಭಾಗ ಮುರಕಲ್ಲಿನ ದಿಣ್ಣೆಗಳ ಇಳಿಜಾರಿನಲ್ಲಿದೆ, ನೀರು ತಾನಾಗಿ ಹೊಳೆಗೆ ಜಾರುತ್ತದೆ. ಅಲ್ಲೂ ತಗ್ಗು ತುಂಬಿಸಿ ರಸ್ತೆ ಮಾಡಿದ ಕಡೆಗಳಲ್ಲಿ ಈಗೀಗ ದೋಣಿ ಬೇಕಾಗುತ್ತಿದೆ. ವರ್ಷದ ಮೊತ್ತಕ್ಕಿಂತ ಗಂಟೆಯ ಮಳೆ ಮುಖ್ಯ, ಅದಕ್ಕಿಂತಲೂ ನೆಲದ ವಾಟ ಮುಖ್ಯ.

“2005ರ ಜುಲೈ 26ರಂದು ಇಡೀ ಮುಂಬೈ ಮುಳುಗಿತ್ತು”

ಅಂದು ಸಾಂತಾಕ್ರೂಜ್‌ನ ಮಾಪಕದಲ್ಲಿ 24 ಗಂಟೆಗೆ 944 ಮಿ.ಮೀ. ದಾಖಲಾಯಿತು. ಇದು ಎಲ್ಲರಿಗೂ ಬಾಯಿಪಾಠ. ಅದೇ ಅವಧಿಯಲ್ಲಿ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಎಂಬುದು ಯಾರ ಬಾಯಲ್ಲೂ ಇಲ್ಲ. ಒಂದೇ ನಗರ, ಒಂದೇ ದಿನ, ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಕೋಟೆ ಪ್ರದೇಶದ ಕಚೇರಿಗಳಲ್ಲಿ ಕೂತವರಿಗೆ ಅದು ಮಾಮೂಲಿ ಮಳೆಗಾಲದ ದಿನ. ಮನೆಗೆ ಹೊರಟಾಗ ರೈಲು ನಿಂತದ್ದು ಕಂಡು ಬೆರಗಾದರು. ನಗರದಲ್ಲಿ ಸತ್ತವರು ನಾನೂರಕ್ಕೂ ಹೆಚ್ಚು.

ಆ ದಿನದ ನೀರು ಹುಡುಕಿದ್ದು ಮೀಠಿ ನದಿಯನ್ನು. ಬಹಳ ಮಂದಿಗೆ ಅಂಥದೊಂದು ನದಿ ಇದೆಯೆಂದು ತಿಳಿದದ್ದೇ ಆಮೇಲೆ. ಅಲ್ಲಿಯ ತನಕ ಅದು ಅವರ ಪಾಲಿಗೆ ನಾಲೆ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರು ಹರಿದು ಕುರ್ಲಾ, ಕಲೀನಾ ದಾಟಿ ಮಾಹಿಮ್ ಖಾಡಿ ಸೇರುವ, ಹದಿನೆಂಟು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ನಿಜವಾದ ನದಿ ಅದು. ವಿಮಾನ ನಿಲ್ದಾಣಕ್ಕಾಗಿ ಅದನ್ನು ತಿರುಗಿಸಿದರು, ರನ್‌ವೇ ಅಡಿಯಲ್ಲಿ ತೂರಿಸಿದರು. ಅಳಿವೆಯ ಕಾಂಡ್ಲಾ ಕಾಡು, ಕೆಸರುನೆಲ ತುಂಬಿಸಿ ಬಾಂದ್ರಾ–ಕುರ್ಲಾ ಸಂಕೀರ್ಣ ಎಬ್ಬಿಸಿದರು. ನೀರು ಹರಡಿಕೊಳ್ಳುತ್ತಿದ್ದ ಜಾಗಗಳೇ ಅವು.

“ಏಳು ದ್ವೀಪಗಳ ನಡುವಿನ ಕಡಲು ತುಂಬಿಸಿ ಕಟ್ಟಿದ ಊರು”

ಅರ್ಧ ನಿಜ. ಕೊಲಾಬಾ, ಪುಟ್ಟ ಕೊಲಾಬಾ, ಬೊಂಬಾಯಿ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳು ಇದ್ದದ್ದು ಹೌದು. ಆದರೆ ಅವುಗಳ ನಡುವೆ ಆಳ ಸಮುದ್ರವೇನೂ ಇರಲಿಲ್ಲ. ಭರತದಲ್ಲಿ ಮುಳುಗಿ ಇಳಿತದಲ್ಲಿ ಕೆಸರಾಗಿ ತೋರುವ ತಗ್ಗುಗಳೇ ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗವರ್ನರ್ ವಿಲಿಯಂ ಹಾರ್ನ್‌ಬಿ ಮಹಾಲಕ್ಷ್ಮಿ–ವರ್ಲಿ ನಡುವಿನ ದೊಡ್ಡ ಬಿರುಕಿಗೆ ಕಟ್ಟೆ ಕಟ್ಟಿಸಿದ ಮೇಲೆ ಒಳಗಿನ ತಗ್ಗಿಗೆ ಕಡಲು ಬರುವುದು ನಿಂತಿತು. ಕಡಲನ್ನು ಅಲ್ಲಿ ತುಂಬಿಸಲಿಲ್ಲ, ಹೊರಗೆ ನಿಲ್ಲಿಸಿದರು. ಹಾಗೆ ಒಣಗಿಸಿದ ತಗ್ಗನ್ನು ಮಣ್ಣು, ಊರ ಕಸ ಸುರಿದು ಎತ್ತರಿಸಿದ್ದು ಆಮೇಲೆ, ಅಲ್ಲಲ್ಲಿ ಅರೆಬರೆಯಾಗಿ. ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಇರುವುದು ಅಂಥ ಬಯಲಿನಲ್ಲೇ. ಕಡಲನ್ನೇ ತುಂಬಿಸಿ ಮಾಡಿದ ನೆಲ ಬೇಕೆಂದರೆ ಮರೀನ್ ಡ್ರೈವ್, ನರೀಮನ್ ಪಾಯಿಂಟ್ ನೋಡಬೇಕು. ಅವು ಇಪ್ಪತ್ತನೆಯ ಶತಮಾನದ ಕೂಸುಗಳು.

ಇನ್ನೊಂದು ಸಂಗತಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆ ಏಳು ದ್ವೀಪಗಳು ಸೇರಿ ಆದದ್ದು ಕೊಲಾಬಾದಿಂದ ಮಾಹಿಮ್–ಸಾಯನ್ ತನಕದ ಹಳೆಯ ನಗರ ಮಾತ್ರ, ಸುಮಾರು 68 ಚದರ ಕಿಲೋಮೀಟರ್. ಮಹಾನಗರ ಪಾಲಿಕೆಯ ವ್ಯಾಪ್ತಿ 430 ಚದರ ಕಿಲೋಮೀಟರ್ ಮೀರಿದೆ. ಬಾಂದ್ರಾ, ಅಂಧೇರಿ, ಕುರ್ಲಾ, ಬೋರಿವಲಿ ಎಲ್ಲ ಇರುವುದು ಎಂಟನೆಯದೆನ್ನಬಹುದಾದ ಸಾಲ್ಸೆಟ್ ಎಂಬ ದೊಡ್ಡ ದ್ವೀಪದಲ್ಲಿ. ಅದರ ನಡುವೆ 400 ಮೀಟರ್ ದಾಟುವ ಗುಡ್ಡಗಳಿವೆ, ಕಾನ್ಹೇರಿ ಗುಹೆಗಳಿವೆ, ಚಿರತೆ ಓಡಾಡುವ ಕಾಡಿದೆ. 2005ರಲ್ಲಿ ಅತಿ ಕೆಟ್ಟದಾಗಿ ಮುಳುಗಿದ್ದು ಈ ಸಾಲ್ಸೆಟ್ ಭಾಗವೇ ಹೊರತು ಪ್ರಸಿದ್ಧ ಏಳು ದ್ವೀಪಗಳಲ್ಲ. ಬ್ರಿಟಿಷರ ಮೇಲೆ ಹೊರಿಸುವ ಪಾಪದಲ್ಲಿ ಒಂದಷ್ಟನ್ನು ನಮ್ಮ ಕಾಲದ ಯೋಜನೆಗಳ ಖಾತೆಗೂ ಬರೆದುಕೊಳ್ಳಬೇಕಾಗುತ್ತದೆ.

“ಅಡಿಯಲ್ಲಿ ಮರಳು, ಕೆಸರು, ಗೋಪುರಗಳು ಕುಸಿಯುತ್ತವೆ”

ಅಡಿಯಲ್ಲಿರುವುದು ಬೆಂಕಿಯಿಂದ ಹುಟ್ಟಿದ ಬಂಡೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಪದರ ಪದರವಾಗಿ ಹರಿದ ಲಾವಾ, ಅಂದರೆ ಡೆಕ್ಕನ್ ಟ್ರ್ಯಾಪ್, ಮುಂಬೈಯ ನೆಲಗಟ್ಟು. ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯ ಕಪ್ಪು ಬಂಡೆ, ಅದು ಸವೆದು ಆದ ಎರೆಮಣ್ಣು ಇದೇ ಲಾವಾ ಕುಟುಂಬದವು. ಮಲಬಾರ್ ಹಿಲ್‌ನಿಂದ ವರ್ಲಿಯ ತನಕ ಪಶ್ಚಿಮಕ್ಕೊಂದು ಕಲ್ಲುಸಾಲು, ಪೂರ್ವಕ್ಕೆ ಮತ್ತೊಂದು, ನಡುವೆ ತಗ್ಗು. ಹಿಂದ್‌ಮಾತಾದಲ್ಲಿ ನೀರು ಕೂಡುವುದರ ಹಿಂದೆ ಈ ರಚನೆಯೂ ಇದೆ. ಕಡಲು ತುಂಬಿಸಿದ ಕಡೆ ಮೇಲೆ ಜೇಡಿ, ಸುರಿದ ಮಣ್ಣು ಇರುವುದು ನಿಜ. ಎತ್ತರದ ಕಟ್ಟಡಗಳ ಅಡಿಪಾಯವನ್ನು ಅದನ್ನು ದಾಟಿಸಿ ಬಂಡೆಗೆ ಊರುತ್ತಾರೆ.

ಲಾವಾದ ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ಕಾಲಾವಕಾಶ ಇತ್ತು. ಆ ಬಿಡುವಿನಲ್ಲಿ ಸಿಹಿನೀರಿನ ಕೆರೆಗಳಾಗಿದ್ದವು. ವರ್ಲಿಯ ಪದರಗಳಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲೇ.

ಅಂಧೇರಿಯ ಗಿಲ್ಬರ್ಟ್ ಹಿಲ್ ಬಗ್ಗೆಯೂ ಒಂದು ಮಾತು. ಅರವತ್ತು ಮೀಟರ್ ಎತ್ತರದ ಆ ಕಂಬಶಿಲೆಗೆ ಜಗತ್ತಿನಲ್ಲಿ ಒಂದೆರಡೇ ಜೋಡಿ, ಅಮೆರಿಕದ ಡೆವಿಲ್ಸ್ ಟವರ್ ಅದರಲ್ಲೊಂದು ಎಂದು ಎಲ್ಲರೂ ಬರೆಯುತ್ತಾರೆ. ಡೆವಿಲ್ಸ್ ಟವರ್ ಬಸಾಲ್ಟೇ ಅಲ್ಲ. ಲಾವಾ ತಣಿದು ಕುಗ್ಗುವಾಗ ಕಂಬಗಳಾಗಿ ಸೀಳುವುದು ಐರ್ಲೆಂಡಿನಿಂದ ಹಿಡಿದು ಎಷ್ಟೋ ಕಡೆ ಕಾಣುವ ಸಂಗತಿ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದಲ್ಲೂ ಕಂಬಗಳು ನಿಂತಿವೆ. ಅವು ಡೆಕ್ಕನ್ ಟ್ರ್ಯಾಪ್‌ಗಿಂತ ಸುಮಾರು ಎರಡು ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಕುರುಹು. ಗಿಲ್ಬರ್ಟ್ ಹಿಲ್ ಉಳಿಸಿಕೊಳ್ಳಲು ಅದು ಅಪೂರ್ವ ಎನ್ನಬೇಕಾದ ಅಗತ್ಯವಿಲ್ಲ. ಸುತ್ತ ಕಲ್ಲು ಒಡೆದು ಒಡೆದು ಅದೊಂದೇ ಉಳಿದದ್ದು ಸಾಕು.

“2050ಕ್ಕೆ ಮುಂಬೈ ಇರುವುದಿಲ್ಲ”

2019ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ನಕ್ಷೆಯಲ್ಲಿ ಮುಂಬೈಯ ಬಹುಭಾಗ ನೀರಿನ ಬಣ್ಣ ಬಳಿದುಕೊಂಡಿತ್ತು. ನಕ್ಷೆಯ ಹಿಂದಿದ್ದ ಅಧ್ಯಯನ ನಿಜಕ್ಕೂ ಹೇಳಿದ್ದು ನೆಲದ ಎತ್ತರದ ಬಗ್ಗೆ. ಹಳೆಯ ಉಪಗ್ರಹ ಅಳತೆಗಳು ಎಷ್ಟೋ ಕಡೆ ಮರದ ತುದಿ, ಮನೆಯ ಚಾವಣಿಯನ್ನೇ ನೆಲವೆಂದು ಓದಿದ್ದವು. ಅದನ್ನು ತಿದ್ದಿದಾಗ ನೆಲ ಇನ್ನೂ ತಗ್ಗೆಂದು ಕಂಡಿತು. ನಕ್ಷೆಯ ಬಣ್ಣ ತೋರಿಸಿದ್ದು ವರ್ಷಕ್ಕೊಮ್ಮೆ ಬರುವ ಕಡಲ ನೆರೆಯ ಮಟ್ಟಕ್ಕಿಂತ ಕೆಳಗಿರುವ ಜಾಗಗಳನ್ನು, ತಡೆಗೋಡೆ, ಕಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯದೆ. ಶಾಶ್ವತವಾಗಿ ಮುಳುಗುವುದು ಬೇರೆ, ಇದು ಬೇರೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಮುಂಬೈಯ ಭರತಮಾಪಕದ ದಾಖಲೆ 1878ರಷ್ಟು ಹಿಂದಿನದು. ಕಡಲಮಟ್ಟ ಏರುತ್ತಿರುವುದು ಅದರಲ್ಲಿ ಸ್ಪಷ್ಟ. ಮಟ್ಟ ಒಂದಂಗುಲ ಏರಿದರೂ ಚರಂಡಿಬಾಯಿ ಮುಚ್ಚಿರುವ ಅವಧಿ ಅಷ್ಟಷ್ಟು ಹೆಚ್ಚುತ್ತದೆ.

ಕಡಲು ಹಿಂದೆಂದೂ ಜಾಗ ಬಿಟ್ಟು ಕದಲಿರಲಿಲ್ಲ ಎಂಬುದೂ ತಪ್ಪು. 1870ರ ದಶಕದಲ್ಲಿ ಪ್ರಿನ್ಸಸ್ ಡಾಕ್‌ಗಾಗಿ ಅಗೆಯುವಾಗ ಇಳಿತದ ಮಟ್ಟಕ್ಕಿಂತಲೂ ಕೆಳಗೆ ಒಂದು ಕಾಡೇ ಸಿಕ್ಕಿತು. ನೂರಾರು ಮರಗಳು, ಹಲವು ಬೇರುಸಹಿತ ನಿಂತಂತೆಯೇ ಇದ್ದವು. ಹೆಚ್ಚಿನವು ಕಾಚಿನ ಮರ. ಒಮ್ಮೆ ಒಣನೆಲವಾಗಿದ್ದದ್ದು ಕಡಲಡಿಗೆ ಹೋಗಿತ್ತು.

ಸೆಖೆಯ ಬಗ್ಗೆ ಚಿಕ್ಕದೊಂದು ತಿದ್ದುಪಡಿ: ಮುಂಬೈಗೆ ಸುಡುಬಿಸಿಲೆಂದರೆ ಮೇ ಎಂದುಕೊಳ್ಳುತ್ತಾರೆ. ಪಾದರಸ ಎಗರುವುದು ಎಷ್ಟೋ ಸಲ ಮಾರ್ಚ್‌ನಲ್ಲಿ. ಒಳನಾಡಿನ ಮೂಡಣಗಾಳಿ ಬೀಸಿ ಕಡಲಗಾಳಿ ಮಧ್ಯಾಹ್ನದ ತನಕ ತಡವಾದ ದಿನ 40 ಡಿಗ್ರಿ ದಾಟಿದ್ದುಂಟು. ಮೇ ತಿಂಗಳ ಕಷ್ಟ ಬಿಸಿಲಿಗಿಂತ ತೇವದ್ದು.

“ಮುಂಬೈಗೆ ಚಂಡಮಾರುತ ಬರುವುದಿಲ್ಲ” ಮತ್ತು “1882ರಲ್ಲಿ ಲಕ್ಷ ಜನ ಸತ್ತರು”

ಎರಡೂ ಸುಳ್ಳು, ವಿರುದ್ಧ ದಿಕ್ಕಿನವು. 1882ರ ಜೂನ್‌ನಲ್ಲಿ ಬೊಂಬಾಯಿಯಲ್ಲಿ ಚಂಡಮಾರುತಕ್ಕೆ ಲಕ್ಷ ಜನ ಬಲಿಯಾದರೆಂದು ಜಗತ್ತಿನ ಮಹಾ ದುರಂತಗಳ ಪಟ್ಟಿಗಳಲ್ಲಿ ಈಗಲೂ ಕಾಣುತ್ತದೆ. 1881ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎಂಟು ಲಕ್ಷಕ್ಕೂ ಕಡಿಮೆ. ಎಂಟರಲ್ಲೊಬ್ಬರು ಸತ್ತ ಸುದ್ದಿ ಅಂದಿನ ಪತ್ರಿಕೆಗಳಲ್ಲಿ, ಸರಕಾರದ ಕಾಗದಗಳಲ್ಲಿ ಇರಲೇಬೇಕಿತ್ತು. ಇಲ್ಲ. ಅಮಿತಾವ್ ಘೋಷ್ ತಮ್ಮ 2016ರ ಪುಸ್ತಕದಲ್ಲಿ ಈ ಕಥೆಯ ಬೆನ್ನುಹತ್ತಿ, ಅಂಥದೊಂದು ಘಟನೆ ನಡೆದೇ ಇಲ್ಲವೆಂಬ ತೀರ್ಮಾನಕ್ಕೆ ಬಂದರು. 1854ರಲ್ಲಿ, 1948ರ ನವೆಂಬರ್‌ನಲ್ಲಿ ನಗರವನ್ನು ಜಜ್ಜಿದ ನಿಜವಾದ ಬಿರುಗಾಳಿಗಳು ಮಾತ್ರ ಪಟ್ಟಿ ಮಾಡುವವರಿಗೆ ನೆನಪಾಗುವುದಿಲ್ಲ.

2020ರ ಜೂನ್ 3ರಂದು ‘ನಿಸರ್ಗ’ ಬಂದಾಗ “1891ರ ನಂತರ ಮುಂಬೈಗೆ ಇದೇ ಮೊದಲು” ಎಂಬ ಶೀರ್ಷಿಕೆ ಓಡಿತು. ಮೂಲದ ಮಾತು ಜೂನ್ ತಿಂಗಳಿಗೆ ಸೀಮಿತ, ‘ಜೂನ್’ ಕಳಚಿಬಿತ್ತು. 1891ರಲ್ಲಿ ಏನಾಗಿತ್ತು ಎಂದು ಹುಡುಕುವುದೂ ವ್ಯರ್ಥ: ಹವಾಮಾನ ಇಲಾಖೆಯ ಚಂಡಮಾರುತಗಳ ನಕ್ಷೆಸಂಪುಟ ಶುರುವಾಗುವ ವರ್ಷ ಅದು, ಅಷ್ಟೆ. ನಿಸರ್ಗದ ಮರುವರ್ಷ ಮೇ ತಿಂಗಳಲ್ಲಿ ‘ತೌಕ್ತೆ’ ನಗರದ ಪಕ್ಕದಲ್ಲೇ ಹಾದು ಗುಜರಾತ್ ಮುಟ್ಟಿತು. ಬಾಂಬೆ ಹೈ ತೈಲಕ್ಷೇತ್ರದ ಬಳಿ ಪಿ–305 ಎಂಬ ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು.

ನಿಸರ್ಗ ದಡ ಮುಟ್ಟಿದ್ದು ಮುಂಬೈಯ ದಕ್ಷಿಣಕ್ಕೆ, ಅಲಿಬಾಗ್ ಕೆಳಗೆ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಪಶ್ಚಿಮ ಕರಾವಳಿಯಲ್ಲಿ ದಡಕ್ಕೆ ಬರುವಾಗ ಕಡಲನ್ನು ನೆಲದತ್ತ ದೂಡುವ ಗಾಳಿ ಅದರ ದಕ್ಷಿಣ ಮಗ್ಗುಲಿನಲ್ಲಿರುತ್ತದೆ. ಶ್ರೀವರ್ಧನದ ಅಡಕೆ, ತೆಂಗಿನ ತೋಟಗಳು ಆ ಮಗ್ಗುಲಲ್ಲಿದ್ದವು, ಮಲಗಿಬಿಟ್ಟವು. ಉತ್ತರದ ಮುಂಬೈಗೆ ಗಾಳಿ ನೆಲದ ಕಡೆಯಿಂದ ಬೀಸಿತು. ಅದೇ ಚಂಡಮಾರುತ ವಸಾಯಿಯ ಬಳಿ ದಡ ಹತ್ತಿದ್ದರೆ ಮುಂಬೈ ಕೆಟ್ಟ ಮಗ್ಗುಲಿಗೆ ಬೀಳುತ್ತಿತ್ತು. ಮುಂದಿನ ಸಲ ಮುನ್ಸೂಚನೆ ಬಂದಾಗ ಗಾಳಿಯ ವೇಗಕ್ಕಿಂತ ಮೊದಲು ನೋಡಬೇಕಾದದ್ದು ಅದು ದಡ ಮುಟ್ಟುವುದು ನಗರದ ದಕ್ಷಿಣಕ್ಕೋ ಉತ್ತರಕ್ಕೋ, ಆ ಗಂಟೆಯಲ್ಲಿ ಭರತವೋ ಇಳಿತವೋ ಎಂಬುದನ್ನು.