ಹೆಸರು ಹೊತ್ತು ತಿರುಗುವವರು ಗಿರಾಕಿಗಳೇ

ಕಾಶಿಗೆ ಹೋದವರು ವಿಶ್ವನಾಥನ ದರ್ಶನ, ಗಂಗಾ ಆರತಿ ಮುಗಿಸಿ ಊರಿಗೆ ಹೊರಡುವುದು ವಾಡಿಕೆ. ಆಚೆ ದಡದ ರಾಮನಗರಕ್ಕೆ ದಾಟುವವರಿಗೆ ಕಾಶಿ ನರೇಶನ ಕೋಟೆ ಒಂದು ನೆಪವಾದರೆ, ಇನ್ನೊಂದು ನೆಪ ಲಸ್ಸಿ. ಮೊಸರು ಕಡೆದು, ಮಣ್ಣಿನ ಕುಡಿಕೆಗೆ ಸುರಿದು, ಮೇಲೆ ರಬ್ಡಿ ಹಾಕಿ, ಕೊನೆಗೆ ದಪ್ಪನೆಯ ಕೆನೆಯ ಹಾಳೆಯೊಂದನ್ನು ಮೆಲ್ಲಗೆ ಇಳಿಬಿಡುತ್ತಾರೆ. ಕೆನೆ ಬೀಳುವ ಆ ಎರಡು ಸೆಕೆಂಡಿಗಾಗಿ ಮೊಬೈಲುಗಳು ಕಾದಿರುತ್ತವೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು. ಅಲ್ಲಿಂದೀಚೆಗೆ ಇಂಥ ಅಂಗಡಿಗಳ ಜಾಹೀರಾತನ್ನು ಗಿರಾಕಿಗಳೇ ದುಡ್ಡು ಕೊಟ್ಟು ಕುಡಿದು ಮಾಡಿಕೊಡುತ್ತಿದ್ದಾರೆ.

ಪುಕ್ಕಟೆ ಸಿಕ್ಕ ಪ್ರಚಾರಕ್ಕೆ ಒಂದು ಕೊಕ್ಕೆಯೂ ಇದೆ. ನೋಡಿದವರ ನೆನಪಲ್ಲಿ ನಿಲ್ಲುವುದು ‘ರಾಮನಗರದ ಲಸ್ಸಿ’ ಎಂಬ ಊರ ಹೆಸರು. ಅಂಗಡಿಯ ಬೋರ್ಡು ಎಷ್ಟೋ ಸಲ ವಿಡಿಯೊದಲ್ಲಿ ಕಾಣುವುದೇ ಇಲ್ಲ. ಹೆಸರು ಊರಿನದಾದರೆ ಪಕ್ಕದ ಅಂಗಡಿಯವನೂ ಅದಕ್ಕೆ ಹಕ್ಕುದಾರನೇ. ಅಲ್ಲಿನ ದಪ್ಪ ಗುಂಡು ಬದನೆಕಾಯಿ, ‘ರಾಮನಗರ ಭಂಟಾ’, 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆಯಿತು. ನಮ್ಮ ಮಟ್ಟುಗುಳ್ಳ ಬದನೆಯ ಹಾಗೆ ಅದರ ಹೆಸರಿಗೀಗ ಕಾನೂನಿನ ಬೇಲಿಯಿದೆ. ಲಸ್ಸಿಯವನಿಗೆ ಕೈರುಚಿಯೇ ಗತಿ.

ನದಿಯ ಈಚೆ, ಬನಾರಸಿನ ಲಂಕಾ ಬಡಾವಣೆಯಲ್ಲಿ, 2025ರ ಜೂನ್‌ನಲ್ಲಿ ರಸ್ತೆ ಅಗಲೀಕರಣಕ್ಕಾಗಿ ಪೆಹಲ್ವಾನ್ ಲಸ್ಸಿ, ಚಾಚಿಯ ಕಚೋರಿಯಂಥ ಹಳೆಯ ಅಂಗಡಿಗಳನ್ನು ಕೆಡವಿದರು. ಗೋಡೆ ಉರುಳಿದ ಮೇಲೂ ಅವುಗಳ ವಿಡಿಯೊಗಳು ಜಾಲತಾಣಗಳಲ್ಲಿ ಓಡಾಡುತ್ತಲೇ ಇದ್ದವು. ಹಿಂದಾದರೆ ಅಂಗಡಿ ಹೋದಲ್ಲಿಗೆ ವ್ಯಾಪಾರದ ಕಥೆ ಮುಗಿಯುತ್ತಿತ್ತು. ಈಗ ‘ಇಂಥಲ್ಲಿಗೆ ಬಂದಿದ್ದೇವೆ’ ಎಂದು ಹೊಸ ವಿಳಾಸ ಹಾಕಿದರೆ ಹಳೆಯ ಗಿರಾಕಿಯನ್ನು ಮತ್ತೆ ಕರೆತರಬಹುದು. ಆನ್‌ಲೈನ್ ಪ್ರಚಾರದಿಂದ ಸಣ್ಣ ವ್ಯಾಪಾರಿಗೆ ಆಗುವ ದೊಡ್ಡ ಉಪಕಾರ ಇದೇ ಎಂದು ನನ್ನ ಅನಿಸಿಕೆ. ಲೈಕುಗಳ ಲೆಕ್ಕ ಆಮೇಲಿನ ಮಾತು.

ಲಸ್ಸಿಯ ಅದೇ ರಾಮನಗರದಲ್ಲಿ ಈ ಆನ್‌ಲೈನ್ ಪ್ರಚಾರಕ್ಕೆ ಪೂರ್ತಿ ಉಲ್ಟಾ ನಡೆಯುವ ಒಂದು ದೊಡ್ಡ ಹೆಸರಿದೆ: ರಾಮಲೀಲೆ. ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ, ಸುಮಾರು ಒಂದು ತಿಂಗಳ ಆಟ. ಅಯೋಧ್ಯೆ, ಜನಕಪುರ, ಲಂಕೆ ಎಲ್ಲಕ್ಕೂ ಊರಿನಲ್ಲೇ ಬೇರೆ ಬೇರೆ ಜಾಗ; ಕಥೆ ನಡೆದಲ್ಲಿಗೆ ಪ್ರೇಕ್ಷಕರೂ ನಡೆಯಬೇಕು. ಮೈಕಿಲ್ಲ, ವಿದ್ಯುತ್ ದೀಪವಿಲ್ಲ, ಪೆಟ್ರೋಮ್ಯಾಕ್ಸ್ ಮತ್ತು ಪಂಜಿನ ಬೆಳಕು. ಲೀಲೆ ನಡೆಯುವಾಗ ಫೋಟೊ ತೆಗೆಯುವಂತಿಲ್ಲ. ಆದರೂ ಜನ ಬರುವುದು ತಪ್ಪಿಲ್ಲ, ರಾಮಲೀಲೆಯ ಪರಂಪರೆ 2008ರಲ್ಲಿ ಯುನೆಸ್ಕೊ ಪಟ್ಟಿಯನ್ನೂ ಸೇರಿತು. ಎಲ್ಲವನ್ನೂ ಪೋಸ್ಟ್ ಮಾಡಿ ಎನ್ನುವ ಮಾರ್ಕೆಟಿಂಗ್ ಪಂಡಿತರು ಇಲ್ಲಿ ಒಂದು ಸಂಜೆ ನಿಂತು ನೋಡಬೇಕು.

ಹಾಗಂತ ಬನಾರಸಿನ ಸೀರೆ ವ್ಯಾಪಾರಿ ರಾಮಲೀಲೆಯ ದಾರಿ ಹಿಡಿಯಲಾಗದು. ಬನಾರಸಿ ಸೀರೆಗೆ 2009ರಲ್ಲೇ ಜಿಐ ಸಿಕ್ಕಿದ್ದರೂ, ಅದೇ ಹೆಸರಿನಲ್ಲಿ ಪವರ್‌ಲೂಮಿನ ನಕಲು ಆನ್‌ಲೈನ್‌ನಲ್ಲಿ ಸಲೀಸಾಗಿ ಬಿಕರಿಯಾಗುತ್ತದೆ. ಫೋಟೊದಲ್ಲಿ ಎರಡೂ ಮಿನುಗುತ್ತವೆ. ವ್ಯತ್ಯಾಸ ಕಾಣುವುದು ಸೀರೆಯನ್ನು ಮಗುಚಿದಾಗ: ಕೈಮಗ್ಗದ ಕಢುವಾ ನೇಯ್ಗೆಯಲ್ಲಿ ಪ್ರತಿ ಬುಟ್ಟವನ್ನೂ ಬಿಡಿಬಿಡಿಯಾಗಿ ನೇಯುವುದರಿಂದ ಹಿಂಬದಿಯಲ್ಲಿ ಒಂದು ಬುಟ್ಟದಿಂದ ಇನ್ನೊಂದಕ್ಕೆ ಎಳೆ ಹಾದುಹೋಗಿರುವುದಿಲ್ಲ. ಮಾಡೆಲ್‌ಗೆ ಉಡಿಸಿ ತೋರಿಸುವುದಕ್ಕಿಂತ ಕ್ಯಾಮೆರಾವನ್ನು ಸೀರೆಯ ಹಿಂಬದಿಗೆ ಹಿಡಿದು, ಮಗ್ಗದ ಮುಂದೆ ಕೂತ ನೇಕಾರನನ್ನೂ ತೋರಿಸುವ ವ್ಯಾಪಾರಿಯೇ ಜಾಣ. ರೇಷ್ಮೆ ಅಸಲಿಯೇ ಎಂದು ತಿಳಿಯಲು ಕೊಳ್ಳುವವರು ಸಿಲ್ಕ್ ಮಾರ್ಕ್ ಕೇಳಬಹುದು. ಅದನ್ನು ಶುರುಮಾಡಿದ ಕೇಂದ್ರ ರೇಷ್ಮೆ ಮಂಡಳಿ ಇರುವುದು ಬೆಂಗಳೂರಿನಲ್ಲೇ.

ಬನಾರಸಿನ ಮಗ್ಗಗಳಿಗೆ ಕರ್ನಾಟಕದ ರೇಷ್ಮೆ ನೂಲೂ ಹೋಗುತ್ತದೆ. ಆದರೆ ಸೀರೆಯ ವಿಡಿಯೊಗಳಲ್ಲಿ ನೂಲಿನ ಊರಿನ ಸುದ್ದಿ ಬರುವುದು ಅಪರೂಪ. ಅದನ್ನು ಹೇಳಿಕೊಳ್ಳಬೇಕಾದವರು ಬನಾರಸಿನವರಲ್ಲ, ನಮ್ಮ ರಾಮನಗರ, ಶಿಡ್ಲಘಟ್ಟದ ಗೂಡು ಬೆಳೆಯುವವರು, ನೂಲು ಬಿಚ್ಚುವವರು. ಫೋನು ಅವರ ಜೇಬಿನಲ್ಲೂ ಇದೆ.